ಅಡ್ಮಿರಲ್ ನಂದಾ: ಕರಾಚಿಯಲ್ಲಿ ಬೆಳೆದು ಕರಾಚಿಗೆ ಬೆಂಕಿಯಿಟ್ಟ ನೌಕಾಧಿಪತಿ

ಸಮುದ್ರದ ಕಡೆಯಿಂದ ಕರಾಚಿ ಬಂದರಿಗೆ ಬರುವ ಯಾವ ಹಡಗೂ ಮನೋರಾವನ್ನು ತಪ್ಪಿಸಿ ಒಳಗೆ ಹೋಗಲಾರದು. ಬಂದರಿನ ಬಾಯಿಯಲ್ಲೇ ಚಾಚಿಕೊಂಡಿರುವ ಆ ಪುಟ್ಟ ನೆಲದ ಮೇಲೊಂದು ದೀಪಸ್ತಂಭ. ಒಳಗಿನ ನೀರು ದಾಟಿದರೆ ಕೆಮಾರಿ. ಅಲ್ಲಿ ಹಡಗುಕಟ್ಟೆಗಳು, ಗೋದಾಮುಗಳು, ಎಣ್ಣೆ ಟ್ಯಾಂಕುಗಳು. ದೇಶವಿಭಜನೆಗೆ ಎಷ್ಟೋ ವರ್ಷ ಮೊದಲು ಈ ಮನೋರಾದಲ್ಲಿ ಒಬ್ಬ ಪಂಜಾಬಿ ಹುಡುಗ ಬೆಳೆದ. ದೊಡ್ಡವನಾಗಿ ದುಡಿಮೆ ಶುರುಮಾಡಿದ್ದೂ ಅದೇ ಬಂದರಿನಲ್ಲಿ. ಹಡಗುಗಳು ಯಾವ ದಾರಿಯಲ್ಲಿ ಬರುತ್ತವೆ, ಎಲ್ಲಿ ಲಂಗರು ಹಾಕುತ್ತವೆ, ಎಣ್ಣೆ ಎಲ್ಲಿ ಇಳಿಯುತ್ತದೆ ಎಂಬುದೆಲ್ಲ ಅವನಿಗೆ ತನ್ನ ಓಣಿಯಷ್ಟೇ ಪರಿಚಿತವಾಗಿತ್ತು.

ಆ ಹುಡುಗನೇ ಮುಂದೆ ಭಾರತೀಯ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಸರ್ದಾರಿಲಾಲ್ ಮಥ್ರಾದಾಸ್ ನಂದಾ. ಹುಟ್ಟಿದ್ದು 1915ರ ಅಕ್ಟೋಬರ್ 10ರಂದು. ನೌಕಾಪಡೆಯ ಗೆಳೆಯರು ಅವರನ್ನು ‘ಚಾರ್ಲ್ಸ್’ ಎಂದೇ ಕರೆಯುತ್ತಿದ್ದರು. 1971ರ ಡಿಸೆಂಬರಿನಲ್ಲಿ ಕರಾಚಿಯ ಎಣ್ಣೆ ಟ್ಯಾಂಕುಗಳು ದಿನಗಟ್ಟಲೆ ಉರಿದದ್ದು ಇವರು ಮುಖ್ಯಸ್ಥರಾಗಿದ್ದಾಗ. ಆ ರಾತ್ರಿಗಳ ಸಾಹಸ ನಮಗೆ ಗೊತ್ತು. ಅದರ ಹಿಂದಿನ ಒಂದೂವರೆ ವರ್ಷದಲ್ಲಿ ಒಬ್ಬ ಹಿರಿಯ ಅಧಿಕಾರಿ ಕೇಳಿದ ಪ್ರಶ್ನೆ ಮತ್ತು ಹೊತ್ತುಕೊಂಡ ಹೊಣೆ ನಮಗೆ ಅಷ್ಟಾಗಿ ಗೊತ್ತಿಲ್ಲ. ನಂದಾ ಅವರ ದೊಡ್ಡತನ ಇರುವುದು ಅಲ್ಲಿ.

ಮೈಸೂರಿನ ಹೆಸರು ಹೊತ್ತ ಹಡಗು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1941ರಲ್ಲಿ, ನಂದಾ ಬಂದರಿನ ಕೆಲಸ ಬಿಟ್ಟು ಆಗಿನ ರಾಯಲ್ ಇಂಡಿಯನ್ ನೇವಿಯ ಸ್ವಯಂಸೇವಾ ಮೀಸಲು ಪಡೆಗೆ ಸೇರಿದರು. ಯುದ್ಧ ಮುಗಿಯಿತು, ದೇಶ ಎರಡಾಯಿತು, ನೌಕಾಪಡೆಯೂ ಹೋಳಾಯಿತು. ಕರಾಚಿ ಆಚೆಯ ದೇಶಕ್ಕೆ ಹೋಯಿತು. ನಂದಾ ಭಾರತದ ಪಾಲಿಗೆ ಬಂದರು. ಸ್ವಾತಂತ್ರ್ಯ ಬಂದ ಮೇಲೂ ಹತ್ತು ವರ್ಷ ನಮ್ಮ ನೌಕಾಪಡೆಯ ಚುಕ್ಕಾಣಿ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲೇ ಇತ್ತು. 1958ರ ಏಪ್ರಿಲ್‌ನಲ್ಲಿ ಆರ್.ಡಿ. ಕಟಾರಿ ಅಧಿಕಾರ ವಹಿಸಿಕೊಂಡಾಗಲೇ ಮೊದಲ ಬಾರಿಗೆ ಒಬ್ಬ ಭಾರತೀಯ ಆ ಕುರ್ಚಿಯಲ್ಲಿ ಕೂತದ್ದು. ನಂದಾ ಅವರ ತಲೆಮಾರು ಅಧಿಕಾರದ ಮೆಟ್ಟಿಲು ಹತ್ತಿದ್ದು ಆ ಬದಲಾವಣೆಯ ಕಾಲದಲ್ಲಿ.

ಕನ್ನಡಿಗರು ನೆನಪಿಡಬೇಕಾದ ಘಟ್ಟವೊಂದು 1957ರಲ್ಲಿ ಬರುತ್ತದೆ. ಬ್ರಿಟಿಷ್ ನೌಕಾಪಡೆಯ ‘ನೈಜೀರಿಯಾ’ ಎಂಬ ಕ್ರೂಸರ್ ಹಡಗನ್ನು ಭಾರತ ಕೊಂಡುಕೊಂಡು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಪೂರ್ತಿ ದುರಸ್ತಿ ಮಾಡಿಸಿತು. ಆ ವರ್ಷದ ಆಗಸ್ಟ್ 29ರಂದು ಅದು ‘ಐಎನ್‌ಎಸ್ ಮೈಸೂರು’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಅದರ ಮೊದಲ ಕಮಾಂಡಿಂಗ್ ಅಧಿಕಾರಿ ಕ್ಯಾಪ್ಟನ್ ನಂದಾ. ಹಡಗಿನ ಲಾಂಛನ ಮೈಸೂರು ಅರಸರ ಗಂಡಭೇರುಂಡ; ಧ್ಯೇಯವಾಕ್ಯ, ಮೈಸೂರು ಸಂಸ್ಥಾನದ್ದೇ ಆದ ‘ನ ಬಿಭೇತಿ ಕದಾಚನ’. ಎಂದಿಗೂ ಹೆದರುವುದಿಲ್ಲ ಎಂಬುದು ಅದರ ಅರ್ಥ. ಆರು ಅಂಗುಲದ ಒಂಬತ್ತು ಫಿರಂಗಿಗಳಿದ್ದ ಈ ಹಡಗೇ 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಧ್ವಜನೌಕೆಯಾಯಿತು. 1985ರವರೆಗೆ ಅದು ಸೇವೆಯಲ್ಲಿತ್ತು. ಇಂದು ಅದೇ ಹೆಸರನ್ನು 1999ರಲ್ಲಿ ಸೇವೆಗೆ ಬಂದ ಸ್ವದೇಶಿ ವಿಧ್ವಂಸಕ ನೌಕೆ ಹೊತ್ತಿದೆ.

ಮುಂದೆ ನಂದಾ ನೌಕಾಪಡೆಯ ಉಪಮುಖ್ಯಸ್ಥರಾದರು. ಮುಂಬೈಯ ಮಜಗಾಂವ್ ಹಡಗುಕಟ್ಟೆಯ ವ್ಯವಸ್ಥಾಪಕ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಹಡಗು ನಡೆಸುವವರಿಗೆ ಹಡಗು ಕಟ್ಟುವವರ ಕಷ್ಟ ತಿಳಿಯುವುದು ಅಪರೂಪ. ನಂದಾ ಅವರಿಗೆ ಆ ಅವಕಾಶ ಸಿಕ್ಕಿತು. ದೇಶದಲ್ಲೇ ಕಟ್ಟಿದ ಲಿಯಾಂಡರ್ ವರ್ಗದ ಮೊದಲ ಫ್ರಿಗೇಟ್ ‘ನೀಲಗಿರಿ’ ಆ ಹಡಗುಕಟ್ಟೆಯಿಂದಲೇ ಬಂತು. 1972ರ ಜೂನ್‌ನಲ್ಲಿ ಅದು ಸೇವೆಗೆ ಸೇರಿದಾಗ ಮುಖ್ಯಸ್ಥರ ಸ್ಥಾನದಲ್ಲಿದ್ದವರು ನಂದಾ ಅವರೇ. ಮಜಗಾಂವ್ ನಂತರ ಭಾರತೀಯ ನೌಕಾಬಲದ ದಂಡನಾಯಕತ್ವ, 1968ರಲ್ಲಿ ಪಶ್ಚಿಮ ನೌಕಾ ಕಮಾಂಡ್‌ನ ಹೊಣೆ. 1970ರಲ್ಲಿ ನೌಕಾಪಡೆಯ ಅತ್ಯುನ್ನತ ಹುದ್ದೆ.

ದ್ವಾರಕೆಯ ಗಾಯ

ಆ ಹುದ್ದೆಗೆ ಬಂದಾಗ ನಂದಾ ಅವರ ಮನಸ್ಸಿನಲ್ಲಿ ಐದು ವರ್ಷದ ಹಿಂದಿನ ಅವಮಾನ ಇನ್ನೂ ಹಸಿಯಾಗಿತ್ತು. 1965ರ ಯುದ್ಧದಲ್ಲಿ ಭೂಸೇನೆ ಮತ್ತು ವಾಯುಪಡೆ ಹೋರಾಡುತ್ತಿದ್ದಾಗ ನೌಕಾಪಡೆಗೆ ಸರ್ಕಾರ ಗೆರೆ ಎಳೆದು ಕೊಟ್ಟಿತ್ತು: ಪೋರಬಂದರದ ಅಕ್ಷಾಂಶಕ್ಕಿಂತ ಉತ್ತರಕ್ಕೆ ಹೋಗಿ ದಾಳಿ ಮಾಡಕೂಡದು. ಯುದ್ಧ ಕಡಲಿಗೂ ಹರಡುವುದು ಬೇಡ ಎಂಬುದು ದೆಹಲಿಯ ಲೆಕ್ಕ. ಇತ್ತ ವಿಮಾನವಾಹಕ ‘ವಿಕ್ರಾಂತ್’ ದುರಸ್ತಿಯಲ್ಲಿತ್ತು.

ಸೆಪ್ಟೆಂಬರ್ 7ರ ನಡುರಾತ್ರಿ ಪಾಕಿಸ್ತಾನದ ಏಳು ಯುದ್ಧನೌಕೆಗಳು ಗುಜರಾತಿನ ಕರಾವಳಿಗೆ ಬಂದು ದ್ವಾರಕೆಯ ಮೇಲೆ ಗುಂಡಿನ ಮಳೆಗರೆದವು. ಕೆಲವೇ ನಿಮಿಷಗಳ ದಾಳಿ, ಹಾನಿಯೂ ಅಲ್ಪ. ಹತ್ತಿರದ ಓಖಾದಲ್ಲಿದ್ದ ನಮ್ಮ ‘ತಲ್ವಾರ್’ ಹಡಗು ದುರಸ್ತಿಯ ಕಾರಣ ಹೊರಡಲಾಗಲಿಲ್ಲ. ಬಂದವರು ಬಂದಂತೆಯೇ ಮರಳಿದರು. ಕೃಷ್ಣನ ಊರಿನ ಮೇಲೆ ಗುಂಡು ಬಿದ್ದಾಗ ನೌಕಾಪಡೆ ಎಲ್ಲಿತ್ತು ಎಂದು ಸಂಸತ್ತಿನಲ್ಲಿ ಕೂಗೆದ್ದಿತು. ಕೈಕಟ್ಟಿ ಕೂರಿಸಿದವರು ಬೇರೆಯವರು, ತಲೆತಗ್ಗಿಸಬೇಕಾದವರು ನಾವಿಕರು. ಆ ನೋವನ್ನು ನೌಕಾಪಡೆಯ ಪ್ರತಿಯೊಬ್ಬ ಅಧಿಕಾರಿಯೂ ಎದೆಯಲ್ಲಿಟ್ಟುಕೊಂಡಿದ್ದರು.

ಮುಖ್ಯಸ್ಥರಾದ ನಂದಾ ಆ ನೋವನ್ನು ಬರಿಯ ಸಿಟ್ಟಾಗಿ ಉಳಿಯಗೊಡಲಿಲ್ಲ. ಮತ್ತೆ ಯುದ್ಧ ಬಂದರೆ ಅದನ್ನು ಕರಾಚಿಯಂಥ ದೊಡ್ಡ ಬಂದರಿಗೇ ಒಯ್ಯುತ್ತೇವೆ, ಆ ಬಂದರು ತನಗೆ ಚೆನ್ನಾಗಿ ಗೊತ್ತು ಎಂದು ಪತ್ರಿಕೆಯೊಂದಕ್ಕೆ ಬಹಿರಂಗವಾಗಿಯೇ ಹೇಳಿದರು. ಹಾಗೆ ಹೇಳಿದ ಮೇಲೆ ಅದನ್ನು ಮಾಡಿ ತೋರಿಸುವ ದಾರಿ ಹುಡುಕಲು ಕೂತರು.

ಹಗ್ಗ ಕಟ್ಟಿ ಎಳೆದ ದೋಣಿಗಳು

1967ರ ಅಕ್ಟೋಬರಿನಲ್ಲಿ ಈಜಿಪ್ಟ್ ಸಣ್ಣ ಕ್ಷಿಪಣಿ ದೋಣಿಗಳಿಂದ ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿ ಜಗತ್ತಿನ ನೌಕಾಪಡೆಗಳನ್ನೆಲ್ಲ ಬೆಚ್ಚಿಬೀಳಿಸಿತ್ತು. ಅಂಥದೇ ರಷ್ಯನ್ ದೋಣಿಗಳನ್ನು ಭಾರತವೂ ತರಿಸಿಕೊಂಡಿತು. ನಮ್ಮ ಅಧಿಕಾರಿಗಳೂ ನಾವಿಕರೂ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಅಲ್ಲಿನ ಚಳಿಯಲ್ಲಿ ರಷ್ಯನ್ ಭಾಷೆಯನ್ನೂ ಕಲಿತು ತರಬೇತಿ ಪಡೆದರು. 1971ರ ಆರಂಭದಲ್ಲಿ ಎಂಟು ದೋಣಿಗಳು ಸರಕು ಹಡಗುಗಳ ಮೇಲೆ ಬಂದವು. ಅಷ್ಟು ಭಾರ ಎತ್ತುವ ಕ್ರೇನ್ ಮುಂಬೈಯಲ್ಲಿರಲಿಲ್ಲ. ಕಲ್ಕತ್ತದಲ್ಲಿ ಇಳಿಸಿ, ಅಲ್ಲಿಂದ ಬೇರೆ ಹಡಗುಗಳಿಗೆ ಕಟ್ಟಿ ಇಡೀ ಪರ್ಯಾಯದ್ವೀಪವನ್ನು ಸುತ್ತಿಸಿ ಮುಂಬೈಗೆ ಎಳೆದು ತಂದರು.

ಈ ದೋಣಿ ಎಷ್ಟು ಚಿಕ್ಕದು ಎಂಬುದನ್ನು ಕನ್ನಡಿಗರು ಕಣ್ಣಾರೆ ನೋಡಬಹುದು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಾಪೆಲ್’ ಇದೇ ಕುಲದ್ದು. 1976ರಲ್ಲಿ ಸೇವೆಗೆ ಬಂದ ಸುಧಾರಿತ ಮಾದರಿಯಾದ್ದರಿಂದ ಅದು ಕರಾಚಿಗೆ ಹೋದ ದೋಣಿಯಲ್ಲ. ಆದರೆ ಅಳತೆ, ಮೈಕಟ್ಟು ಹೆಚ್ಚುಕಡಿಮೆ ಅದೇ. ಸುಮಾರು 38 ಮೀಟರ್ ಉದ್ದ. ಎರಡೂ ಮಗ್ಗುಲಿನಲ್ಲಿ ಎರಡೆರಡು ಕ್ಷಿಪಣಿ ಗೂಡುಗಳು, ಹಿಂದೆ ಮುಂದೆ ಜೋಡಿ ಫಿರಂಗಿ. ಒಳಗೆ ಇಳಿದರೆ ಇಕ್ಕಟ್ಟಾದ ಕೋಣೆಗಳು, ತಲೆ ತಗ್ಗಿಸಿ ದಾಟಬೇಕಾದ ಬಾಗಿಲುಗಳು. ಹೆಚ್ಚು ದಿನದ ಎಣ್ಣೆಯಾಗಲಿ, ನೀರಾಗಲಿ, ಊಟವಾಗಲಿ ತುಂಬಿಕೊಳ್ಳಲು ಅದರಲ್ಲಿ ಜಾಗವಿಲ್ಲ. ತನ್ನ ಬಂದರಿನ ಹತ್ತಿರ ಕಾದು ನಿಂತು, ಬರುವ ಶತ್ರುವನ್ನು ಹೊಡೆಯಲೆಂದು ಮಾಡಿದ ದೋಣಿ ಅದು. ಅದರಲ್ಲಿ ಕೂತು ಅರಬ್ಬೀ ಸಮುದ್ರ ದಾಟಿ ಪರರ ಬಂದರಿಗೆ ಹೋಗುವ ಯೋಚನೆ ಅದನ್ನು ಕಟ್ಟಿದವರಿಗೂ ಬಂದಿರಲಿಲ್ಲ.

ದೂರ ಹೋಗಲಾರದ್ದನ್ನು ಎಳೆದುಕೊಂಡು ಹೋದರೆ ಹೇಗೆ? ಕಲ್ಕತ್ತದಿಂದ ಮುಂಬೈಗೆ ಎಳೆದು ತಂದ ಅನುಭವ ಇದ್ದೇ ಇತ್ತು. ದೊಡ್ಡ ಹಡಗುಗಳು ದೋಣಿಗಳನ್ನು ಕಟ್ಟಿಕೊಂಡು ದೂರದವರೆಗೆ ಎಳೆದೊಯ್ಯುವುದು, ಆಮೇಲೆ ದೋಣಿಗಳು ತಾವಾಗಿಯೇ ನುಗ್ಗಿ, ಸುಮಾರು 40 ಕಿಲೋಮೀಟರ್ ದೂರದಿಂದ ಕ್ಷಿಪಣಿ ಹಾರಿಸಿ ಹಿಂದಿರುಗುವುದು ಎಂಬ ಯೋಜನೆ ಮೂಡಿತು. ಪಾಕಿಸ್ತಾನದ ವಿಮಾನಗಳಿಗೆ ರಾತ್ರಿಯ ಹೊತ್ತು ಕಡಲ ಮೇಲೆ ದಾಳಿ ಮಾಡುವ ಸಾಮರ್ಥ್ಯ ಕಡಿಮೆ. ಆದ್ದರಿಂದ ಹಗಲೆಲ್ಲ ಅವುಗಳ ಕೈಗೆಟುಕದಷ್ಟು ದೂರದಲ್ಲಿದ್ದು, ಕತ್ತಲಾದ ಮೇಲೆ ಒಳನುಗ್ಗಿ, ಬೆಳಗಾಗುವುದರೊಳಗೆ ದೂರ ಸರಿಯಬೇಕು. ಪಶ್ಚಿಮ ಕಮಾಂಡ್‌ನ ವೈಸ್ ಅಡ್ಮಿರಲ್ ಎಸ್.ಎನ್. ಕೊಹ್ಲಿ, ಪಶ್ಚಿಮ ನೌಕಾಬಲದ ರಿಯರ್ ಅಡ್ಮಿರಲ್ ಇ.ಸಿ. ಕುರುವಿಲಾ, ದೋಣಿಗಳ ದಳಪತಿ ಕಮಾಂಡರ್ ಬಬ್ರು ಭಾನ್ ಯಾದವ್ ಇದನ್ನು ಕಾರ್ಯರೂಪಕ್ಕೆ ತಂದವರಲ್ಲಿ ಪ್ರಮುಖರು. ಸೋತರೆ ಹೊಣೆ ಮಾತ್ರ ಮುಖ್ಯಸ್ಥರದ್ದೇ.

ಪ್ರಧಾನಿಯ ಮುಂದೆ ಒಂದು ಪ್ರಶ್ನೆ

ಯೋಜನೆ ಎಷ್ಟೇ ಚೆನ್ನಾಗಿದ್ದರೂ 1965ರಂತೆ ಕೊನೆಯ ಗಳಿಗೆಯಲ್ಲಿ ಗೆರೆ ಬಿದ್ದರೆ ಎಲ್ಲವೂ ವ್ಯರ್ಥ. 1971ರ ಅಕ್ಟೋಬರಿನಲ್ಲಿ, ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದು ಯುದ್ಧ ತಪ್ಪದು ಎಂಬುದು ಖಚಿತವಾಗಿದ್ದಾಗ, ನಂದಾ ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಂಡರು. ನೌಕಾಪಡೆ ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯವಾಗಿ ಏನಾದರೂ ಆಕ್ಷೇಪವಿದೆಯೇ ಎಂದು ನೇರವಾಗಿ ಕೇಳಿದರು. ಈ ಪ್ರಶ್ನೆ ಏಕೆ ಎಂದಾಗ ಹಿಂದಿನ ಯುದ್ಧದ ನಿರ್ಬಂಧವನ್ನು ವಿವರಿಸಿದರು. ಇಂದಿರಾ ಒಂದು ಕ್ಷಣ ಯೋಚಿಸಿ, ಯುದ್ಧವಾದರೆ ಅದು ಯುದ್ಧವೇ ಎಂಬರ್ಥದಲ್ಲಿ ಚುಟುಕಾಗಿ ಉತ್ತರಿಸಿದರು. ನಂದಾ ಅವರಿಗೆ ಬೇಕಿದ್ದ ಉತ್ತರ ಸಿಕ್ಕಿತು.

ಸೇನಾನಿಯೊಬ್ಬ ಚುನಾಯಿತ ಸರ್ಕಾರದ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಆಜ್ಞೆ ಮೀರುವ ಮಾತೂ ಇಲ್ಲ, ಬರುವ ಆಜ್ಞೆಗೆ ಸುಮ್ಮನೆ ಕಾಯುವುದೂ ಇಲ್ಲ. ಮುಂದೆ ತೊಡಕಾಗಬಹುದಾದ್ದನ್ನು ಮೊದಲೇ ಎತ್ತಿ, ತೀರ್ಮಾನಿಸುವ ಅಧಿಕಾರ ಇರುವವರ ಬಾಯಿಂದಲೇ ಸ್ಪಷ್ಟಪಡಿಸಿಕೊಂಡರು.

ಪೂರ್ವದಲ್ಲೂ ಅಂಥದೇ ಕಠಿಣ ನಿರ್ಧಾರ ಕಾದಿತ್ತು. ‘ವಿಕ್ರಾಂತ್’ ಹಡಗಿನ ಬಾಯ್ಲರೊಂದು ಬಿರುಕು ಬಿಟ್ಟಿತ್ತು. ತಾಂತ್ರಿಕ ನಿಯಮದಂತೆ ನಡೆದರೆ ಅದು ಬಂದರು ಬಿಟ್ಟು ಕದಲುವಂತಿಲ್ಲ. ಹೊರಟರೂ ಪೂರ್ಣ ವೇಗ ಸಿಗದು. ಎರಡು ಯುದ್ಧಗಳಲ್ಲೂ ವಿಮಾನವಾಹಕ ಮನೆಯಲ್ಲೇ ಕೂತರೆ ಇನ್ನು ಅದು ಇರುವುದಾದರೂ ಏಕೆ ಎಂಬುದು ನಂದಾ ಅವರ ಪ್ರಶ್ನೆ. ಎಚ್ಚರಿಕೆ ಕ್ರಮಗಳನ್ನು ಮಾಡಿಸಿ, ಹೊಣೆ ತಾವೇ ಹೊತ್ತು, ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ಪೂರ್ವ ಕಮಾಂಡ್‌ನ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅದನ್ನು ಅಂಡಮಾನಿನಲ್ಲಿ ಅಡಗಿಸಿಟ್ಟು, ಅದಿನ್ನೂ ವಿಶಾಖಪಟ್ಟಣದ ಬಳಿಯೇ ಇದೆ ಎಂದು ಶತ್ರು ನಂಬುವಂತೆ ಮಾಡಿದರು. ಅದನ್ನು ಹುಡುಕಿ ಬಂದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ಡಿಸೆಂಬರ್ 3ರ ನಡುರಾತ್ರಿಯ ಸುಮಾರಿಗೆ ವಿಶಾಖಪಟ್ಟಣದ ಹೊರಗೆ ತನ್ನ ಸಿಬ್ಬಂದಿಯೊಂದಿಗೆ ಮುಳುಗಿತು. ಭಾರತದ ‘ರಜಪೂತ್’ ಹಡಗಿನ ಸಿಡಿಗುಂಡುಗಳೇ ಕಾರಣ ಎಂದು ನಮ್ಮವರು, ತಾನೇ ಇಡುತ್ತಿದ್ದ ಕಡಲಬಾಂಬು ಸಿಡಿಯಿತೆಂದು ಅವರು ಇಂದಿಗೂ ವಾದಿಸುತ್ತಾರೆ. ಅತ್ತ ‘ವಿಕ್ರಾಂತ್’ನ ವಿಮಾನಗಳು ಮರುದಿನದಿಂದಲೇ ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಆರಂಭಿಸಿದವು. ಪೂರ್ವದ ಪಾಕಿಸ್ತಾನಿ ಸೇನೆಗೆ ಕಡಲ ದಾರಿ ಮುಚ್ಚಿಹೋಯಿತು.

ಯುದ್ಧ ಘೋಷಣೆಗೂ ಮುನ್ನವೇ ನೌಕಾಪಡೆ ಇನ್ನೊಂದು ಕೆಲಸ ಸದ್ದಿಲ್ಲದೆ ಮಾಡಿತ್ತು. ಫ್ರಾನ್ಸಿನ ತುಲೋನ್‌ನಲ್ಲಿದ್ದ ಪಾಕಿಸ್ತಾನದ ಜಲಾಂತರ್ಗಾಮಿಯಿಂದ ತಪ್ಪಿಸಿಕೊಂಡು ಬಂದ ಎಂಟು ಬಂಗಾಳಿ ನಾವಿಕರು ದೆಹಲಿ ತಲುಪಿದರು. ಅವರನ್ನು ಮುಂದಿಟ್ಟುಕೊಂಡು ಪ್ಲಾಸಿಯ ಬಳಿ ಭಾಗೀರಥಿ ತೀರದಲ್ಲಿ ಬಂಗಾಳಿ ಯುವಕರಿಗೆ ಈಜು ಮತ್ತು ಸ್ಫೋಟಕಗಳ ತರಬೇತಿ ಕೊಡಲಾಯಿತು. ಆಗಸ್ಟ್ ನಡುವಿನ ಒಂದೇ ರಾತ್ರಿಯಲ್ಲಿ ಚಿತ್ತಗಾಂಗ್, ಮೊಂಗ್ಲಾ, ಚಾಂದಪುರ, ನಾರಾಯಣಗಂಜ್‌ಗಳಲ್ಲಿ ಅವರು ಹಡಗುಗಳ ತಳಕ್ಕೆ ಸ್ಫೋಟಕ ಅಂಟಿಸಿ ಸಿಡಿಸಿದರು. ದಾಳಿಯ ಸೂಚನೆ ಅವರಿಗೆ ತಲುಪಿದ್ದು ಕಲ್ಕತ್ತ ಆಕಾಶವಾಣಿ ಪ್ರಸಾರ ಮಾಡಿದ ಹಾಡುಗಳ ಮೂಲಕ.

ಡಿಸೆಂಬರ್ 4ರ ರಾತ್ರಿ

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಯುದ್ಧ ಶುರುವಾಯಿತು. ಮರುದಿನ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಕ್ಷಿಪಣಿ ದೋಣಿಗಳು ‘ಕಿಲ್ತಾನ್’, ‘ಕಚಲ್’ ಎಂಬ ಎರಡು ಹಡಗುಗಳ ಜೊತೆಯಲ್ಲಿ ಕರಾಚಿಯತ್ತ ಹೊರಟವು. ಕಮಾಂಡರ್ ಯಾದವ್ ‘ನಿಪಾತ್’ನಲ್ಲಿದ್ದರು, ಕಮಾಂಡರ್ ಗೋಪಾಲ್ ರಾವ್ ‘ಕಿಲ್ತಾನ್’ನಲ್ಲಿ. ಕದ್ದು ಕೇಳುವವರ ದಾರಿ ತಪ್ಪಿಸಲು ದೋಣಿಗಳ ಅಧಿಕಾರಿಗಳು ರೇಡಿಯೋದಲ್ಲಿ ತಾವು ಕಲಿತು ಬಂದ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು.

ರಾತ್ರಿ ಹತ್ತೂವರೆಯ ಹೊತ್ತಿಗೆ ಕರಾಚಿಯ ದಕ್ಷಿಣಕ್ಕೆ ರೇಡಾರಿನಲ್ಲಿ ಗುರಿಗಳು ಕಂಡವು. ಸ್ವಲ್ಪ ಹೊತ್ತಿನಲ್ಲೇ ‘ನಿರ್ಘಾತ್’ ಮೊದಲ ಕ್ಷಿಪಣಿ ಹಾರಿಸಿತು. ಎದುರಿಗಿದ್ದದ್ದು ಪಾಕಿಸ್ತಾನದ ವಿಧ್ವಂಸಕ ನೌಕೆ ‘ಖೈಬರ್’. ಕತ್ತಲಲ್ಲಿ ಬೆಳಕಿನ ಉಂಡೆಯೊಂದು ಹತ್ತಿರವಾಗುವುದನ್ನು ಕಂಡ ಅದರ ನಾವಿಕರು ಅದನ್ನು ವಿಮಾನವೆಂದೇ ತಿಳಿದು ಗುಂಡು ಹಾರಿಸಿದರು. ಎರಡನೆಯ ಕ್ಷಿಪಣಿ ಬಡಿದಾಗ ಹಡಗು ಮುಳುಗಿತು. ಅದು ಕಳಿಸಿದ ಸಂಕಟದ ಸಂದೇಶದಲ್ಲಿ ಹಡಗಿನ ಸ್ಥಾನ ತಪ್ಪಾಗಿ ನಮೂದಾಗಿದ್ದರಿಂದ ನೀರಿಗೆ ಬಿದ್ದವರನ್ನು ಹುಡುಕುವುದೂ ತಡವಾಯಿತು. ಬಳಿಕ ‘ನಿಪಾತ್’ನ ಕ್ಷಿಪಣಿಗಳಿಗೆ ‘ವೀನಸ್ ಚಾಲೆಂಜರ್’ ಎಂಬ ಸರಕು ಹಡಗು ಮುಳುಗಿತು, ‘ಷಾಜಹಾನ್’ ಎಂಬ ವಿಧ್ವಂಸಕ ನೌಕೆ ತೀವ್ರವಾಗಿ ಜಖಂಗೊಂಡಿತು. ‘ವೀರ್’ ಹಾರಿಸಿದ ಕ್ಷಿಪಣಿಗೆ ಸಿಕ್ಕ ‘ಮುಹಾಫಿಜ್’ ಎಂಬ ಪಾಕಿಸ್ತಾನಿ ಹಡಗು ಒಂದು ಸಂದೇಶವನ್ನೂ ಕಳಿಸಲಾಗದೆ ಮುಳುಗಿತು. ಆಮೇಲೆ ‘ನಿಪಾತ್’ ಇನ್ನೂ ಮುಂದೆ ಸಾಗಿ ಕೆಮಾರಿಯ ಎಣ್ಣೆ ಸಂಗ್ರಹದತ್ತ ಕ್ಷಿಪಣಿ ಹಾರಿಸಿತು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ.

‘ಖೈಬರ್’ ಮತ್ತು ‘ಷಾಜಹಾನ್’ ಎರಡೂ 1965ರಲ್ಲಿ ದ್ವಾರಕೆಯ ಮೇಲೆ ಗುಂಡು ಹಾರಿಸಿದ ಏಳು ನೌಕೆಗಳ ಪೈಕಿಯವೇ.

ಡಿಸೆಂಬರ್ 8ರ ರಾತ್ರಿ, ಕಡಲು ಕೆರಳಿದ್ದರೂ, ‘ವಿನಾಶ್’ ಎಂಬ ಒಂದೇ ದೋಣಿ ‘ತ್ರಿಶೂಲ್’, ‘ತಲ್ವಾರ್’ ಹಡಗುಗಳ ಜೊತೆ ಮತ್ತೆ ಕರಾಚಿಗೆ ಹೋಗಿ ನಾಲ್ಕು ಕ್ಷಿಪಣಿ ಹಾರಿಸಿತು. 1965ರಲ್ಲಿ ಓಖಾದಿಂದ ಹೊರಡಲಾಗದೆ ಉಳಿದಿದ್ದ ‘ತಲ್ವಾರ್’ ಈ ಬಾರಿ ಕರಾಚಿಯ ಬಾಗಿಲಿನವರೆಗೂ ಹೋಗಿಬಂತು. ಕೆಮಾರಿಯ ಟ್ಯಾಂಕುಗಳು ಹೊತ್ತಿ ಉರಿದವು. ಪಾಕಿಸ್ತಾನದ ತೈಲನೌಕೆ ‘ಢಾಕಾ’ ಜಖಂಗೊಂಡಿತು. ನಮ್ಮ ವಾಯುಪಡೆಯ ಹಂಟರ್ ವಿಮಾನಗಳೂ ಆ ದಿನಗಳಲ್ಲಿ ಕೆಮಾರಿಯ ಮೇಲೆ ದಾಳಿ ಮಾಡಿದ್ದವು ಎಂಬುದನ್ನು ಮರೆಯಬಾರದು. ಆ ಬೆಂಕಿಯಲ್ಲಿ ಎರಡೂ ಪಡೆಗಳ ಪಾಲಿದೆ. ಕರಾಚಿಯತ್ತ ಬರಲು ವ್ಯಾಪಾರಿ ಹಡಗುಗಳೂ ಹಿಂಜರಿದವು.

ಖುಕ್ರಿಯ ಬೆಲೆ

ಗೆಲುವಿನ ನಡುವೆಯೇ ದೊಡ್ಡ ಪೆಟ್ಟು ಬಿತ್ತು. ಡಿಸೆಂಬರ್ 9ರ ರಾತ್ರಿ ದಿಯು ಬಳಿ ಶತ್ರುವಿನ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದ ನಮ್ಮ ‘ಖುಕ್ರಿ’ ಹಡಗನ್ನು ಪಾಕಿಸ್ತಾನದ ‘ಹಂಗೋರ್’ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಕಡಲುಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮವರನ್ನು ಪಾರುಮಾಡಲು ಹೆಣಗುತ್ತ, ತಾವು ಹಡಗು ಬಿಡದೆ, ಅದರೊಂದಿಗೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಜಲಾಂತರ್ಗಾಮಿಯನ್ನು ಪತ್ತೆಹಚ್ಚುವಲ್ಲಿ ನಮ್ಮ ಉಪಕರಣಗಳು ಎಷ್ಟು ಹಿಂದಿದ್ದವು ಎಂಬುದನ್ನು ಈ ದುರಂತ ತೋರಿಸಿಕೊಟ್ಟಿತು. 1971ರ ಕಥೆ ಹೇಳುವಾಗ ಕರಾಚಿಯ ಬೆಂಕಿಯ ಜೊತೆ ಈ 194 ಹೆಸರುಗಳನ್ನೂ ಹೇಳಲೇಬೇಕು.

ಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಏಳನೆಯ ನೌಕಾಬಲದ ‘ಎಂಟರ್‌ಪ್ರೈಸ್’ ಬಂಗಾಳ ಕೊಲ್ಲಿಯತ್ತ ಬಂತು. ಜಗತ್ತಿನ ಅತಿದೊಡ್ಡ ವಿಮಾನವಾಹಕಗಳಲ್ಲೊಂದಾದ ಅದು ಎದುರಾದರೆ ಏನು ಮಾಡಬೇಕು? ಅಮೆರಿಕ ಯುದ್ಧಕ್ಕಿಳಿಯುವುದಿಲ್ಲ, ನಮ್ಮನ್ನು ಬೆದರಿಸಲೆಂದಷ್ಟೇ ಬಂದಿದೆ ಎಂಬುದು ನಂದಾ ಅವರ ಅಂದಾಜು. ಎದುರು ಸಿಕ್ಕರೆ ಆ ಹಡಗಿನ ಕ್ಯಾಪ್ಟನ್‌ನನ್ನು ತಮ್ಮ ಹಡಗಿಗೆ ಪಾನೀಯಕ್ಕೆ ಆಹ್ವಾನಿಸಿ ಎಂದು ತಮ್ಮ ಅಧಿಕಾರಿಗಳಿಗೆ ಹೇಳಿದ್ದಾಗಿ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪಡೆಗಳು ಶರಣಾದವು. ಆ ಸಮಾರಂಭದಲ್ಲಿ ನೌಕಾಪಡೆಯ ಪರವಾಗಿ ಕೃಷ್ಣನ್ ಹಾಜರಿದ್ದರು.

ಆಮೇಲೆ

ನಂದಾ ಅವರಿಗೆ 1972ರಲ್ಲಿ ಪದ್ಮವಿಭೂಷಣ ಬಂತು. 1973ರ ಫೆಬ್ರವರಿಯ ಕೊನೆಗೆ ನಿವೃತ್ತರಾದ ಅವರು ಬಳಿಕ ಭಾರತೀಯ ಹಡಗು ನಿಗಮದ ಅಧ್ಯಕ್ಷರಾದರು. ಮುಪ್ಪಿನಲ್ಲಿ, 2004ರಲ್ಲಿ, ‘ದಿ ಮ್ಯಾನ್ ಹೂ ಬಾಂಬ್ಡ್ ಕರಾಚಿ’ ಎಂಬ ಆತ್ಮಕಥನ ಪ್ರಕಟಿಸಿದರು. 2009ರ ಮೇ 11ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ.

ಪಶ್ಚಿಮ ಕರಾವಳಿಯ ನೌಕಾಬಲವೆಲ್ಲ ಮುಂಬೈ ಎಂಬ ಒಂದೇ ಇಕ್ಕಟ್ಟಿನ ಬಂದರನ್ನು ನೆಚ್ಚಿ ಕೂರಬಾರದು ಎಂಬ ಅರಿವು 1971ರ ಯುದ್ಧದಿಂದ ಗಟ್ಟಿಯಾಯಿತು. 1980ರ ದಶಕದಲ್ಲಿ ಅಡ್ಮಿರಲ್ ಓ.ಎಸ್. ಡಾಸನ್ ಕಾರವಾರದ ಬಳಿ ದೊಡ್ಡ ನೆಲೆಯ ಕನಸು ಕಂಡರು; 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರ ಮೇ 31ರಂದು ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಊರು, ಗದ್ದೆ, ಮೀನುಗಾರಿಕೆಯ ತೀರ ಬಿಟ್ಟುಕೊಟ್ಟ ಉತ್ತರ ಕನ್ನಡದ ಕುಟುಂಬಗಳ ತ್ಯಾಗವೂ ಈ ದೇಶದ ನೌಕಾ ಇತಿಹಾಸದ ಭಾಗವೇ.

ಪ್ರತಿ ವರ್ಷ ಡಿಸೆಂಬರ್ 4ರಂದು ದೇಶ ನೌಕಾಪಡೆಯ ದಿನವನ್ನು ಆಚರಿಸುತ್ತದೆ. ಕರಾಚಿಗೆ ನುಗ್ಗಿದ ದೋಣಿಗಳ ಧೀರರಿಗೆ ಆ ಗೌರವ ಸಲ್ಲತಕ್ಕದ್ದೇ. ಅವರನ್ನು ಕಳಿಸುವ ಮುನ್ನ ಸರ್ಕಾರದ ಮನಸ್ಸನ್ನು ಸ್ಪಷ್ಟಪಡಿಸಿಕೊಂಡು, ಕೈಯಲ್ಲಿದ್ದ ಸಣ್ಣ ದೋಣಿಗಳನ್ನೂ ಬಿರುಕುಬಿಟ್ಟ ಬಾಯ್ಲರಿನ ಹಡಗನ್ನೂ ನೆಚ್ಚಿ, ಸೋಲಿನ ಹೊಣೆಗೆ ತಾನೇ ತಲೆಕೊಟ್ಟು ನಿಂತ ನಂದಾ ಅವರಿಗೂ ಅದರಲ್ಲಿ ಸಮಪಾಲಿದೆ. ಮುಂದಿನ ಡಿಸೆಂಬರಿನಲ್ಲಿ ಮಕ್ಕಳನ್ನು ಕಾರವಾರದ ಕಡಲತೀರಕ್ಕೆ ಕರೆದೊಯ್ದು ಆ ದೋಣಿಯನ್ನು ತೋರಿಸುವವರು ಈ ಮಾತನ್ನೂ ಅವರಿಗೆ ಹೇಳಲಿ.